ಏಳೂಕಾಲು ಡಾಲರಿನ ಲೆಕ್ಕ

ಅಮೆರಿಕದ ಸಂಬಳ ಎಂದ ಕೂಡಲೇ ನಾವು ಗುಣಿಸಲು ಶುರುಮಾಡುತ್ತೇವೆ. ಅಲ್ಲಿನ ಕೇಂದ್ರ ಸರ್ಕಾರ ಗೊತ್ತುಮಾಡಿರುವ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದರೆ ಗಂಟೆಗೆ 616 ರೂಪಾಯಿ. ವಾರಕ್ಕೆ 40 ಗಂಟೆಯಂತೆ ವರ್ಷವಿಡೀ ದುಡಿದರೆ 15,080 ಡಾಲರ್, ಅಂದರೆ 12.8 ಲಕ್ಷ ರೂಪಾಯಿ. ಊರಿನಲ್ಲಿ ಕೂತು ಕೇಳಿದವರಿಗೆ ಇದೇನು ಕಡಿಮೆಯೇ ಅನ್ನಿಸುತ್ತದೆ. ಆದರೆ ಆ ದುಡ್ಡು ಖರ್ಚಾಗುವುದೂ ಅಲ್ಲೇ. ಹಾಗಾಗಿ ರೂಪಾಯಿಯನ್ನು ಬದಿಗಿಟ್ಟು ಗಂಟೆಗಳಲ್ಲಿ ಎಣಿಸಿ ನೋಡೋಣ.

ಸೋಷಿಯಲ್ ಸೆಕ್ಯುರಿಟಿ (ಪಿಂಚಣಿ), ಮೆಡಿಕೇರ್ (ಹಿರಿಯರ ಆರೋಗ್ಯ ವಿಮೆ) ಬಾಬ್ತು ಶೇ 7.65 ಸಂಬಳದಲ್ಲೇ ಮುರಿದುಕೊಳ್ಳುತ್ತಾರೆ. ಕೈಗೆ ಬರುವುದು ಗಂಟೆಗೆ 6.70 ಡಾಲರ್. 2025ರ ಮಾರ್ಚ್‌ನಲ್ಲಿ ಒಂದು ಡಜನ್ ಮೊಟ್ಟೆಯ ಸರಾಸರಿ ಬೆಲೆ 6.23 ಡಾಲರ್ ಇತ್ತು. ಒಂದು ಗಂಟೆ ನಿಂತು ದುಡಿದರೆ ಹನ್ನೆರಡು ಮೊಟ್ಟೆ, ಮೇಲೆ 47 ಸೆಂಟ್ ಚಿಲ್ಲರೆ. ಹಕ್ಕಿಜ್ವರ ತಗ್ಗಿದ ಮೇಲೆ ಮೊಟ್ಟೆ ಅಗ್ಗವಾಯಿತು, ಸರಿ. ಬಾಡಿಗೆಗೆ ಅಂಥ ಬುದ್ಧಿ ಇಲ್ಲ.

ಬಡವರ ವಸತಿಗಾಗಿ ಕೆಲಸ ಮಾಡುವ ನ್ಯಾಷನಲ್ ಲೋ ಇನ್‌ಕಮ್ ಹೌಸಿಂಗ್ ಕೊಯಲಿಷನ್ 2024ರಲ್ಲಿ ಕೊಟ್ಟ ಲೆಕ್ಕ ಹೀಗಿದೆ: ಎರಡು ಬೆಡ್‌ರೂಮಿನ ಸಾಧಾರಣ ಮನೆಯ ಬಾಡಿಗೆ ಆದಾಯದ ಶೇ 30ನ್ನು ದಾಟಬಾರದು ಎಂದರೆ ಗಂಟೆಗೆ 32.11 ಡಾಲರ್ ಸಂಪಾದನೆ ಬೇಕು. ಏಳೂಕಾಲು ಡಾಲರಿನವರು ಅಷ್ಟು ಗಳಿಸಲು ವಾರಕ್ಕೆ 177 ಗಂಟೆ ದುಡಿಯಬೇಕು. ವಾರದಲ್ಲಿ ಇರುವುದೇ 168 ಗಂಟೆ.

ಈ ಏಳೂಕಾಲು ಡಾಲರಿನ ದರ ಜಾರಿಗೆ ಬಂದದ್ದು 2009ರ ಜುಲೈ 24ರಂದು. ಆ ವರ್ಷ ಒಂಟಿ ವ್ಯಕ್ತಿಯ ಬಡತನ ರೇಖೆ 10,830 ಡಾಲರ್. ಕನಿಷ್ಠ ಕೂಲಿಯವರು ಅದಕ್ಕಿಂತ ಸಾಕಷ್ಟು ಮೇಲಿದ್ದರು. 2024ರಲ್ಲಿ ರೇಖೆ 15,060ಕ್ಕೆ ಏರಿತು, ಅಂತರ ಉಳಿದದ್ದು 20 ಡಾಲರ್. 2025ರಲ್ಲಿ ರೇಖೆ 15,650. ಕೂಲಿ ನಿಂತಲ್ಲೇ ನಿಂತಿತ್ತು, ರೇಖೆ ಅದರ ತಲೆಯ ಮೇಲೆ ಹಾದುಹೋಯಿತು. ನಮ್ಮ ತುಟ್ಟಿಭತ್ಯೆಯ ಹಾಗೆ ಬೆಲೆಯೊಂದಿಗೆ ತಾನಾಗಿ ಏರುವ ಏರ್ಪಾಡು ಆ ಕಾನೂನಿನಲ್ಲಿ ಇಲ್ಲ. ಪ್ರತಿ ಸಲವೂ ಸಂಸತ್ತೇ ಮನಸ್ಸು ಮಾಡಬೇಕು. 2021ರ ಮಾರ್ಚ್‌ನಲ್ಲಿ 15 ಡಾಲರ್ ಮಾಡುವ ಪ್ರಸ್ತಾವ ಸೆನೆಟ್‌ನಲ್ಲಿ 42–58ರಿಂದ ಬಿದ್ದುಹೋಯಿತು.

ಇಷ್ಟು ಕಡಿಮೆಗೆ ದುಡಿಯುವವರು ಎಷ್ಟು ಮಂದಿ ಎಂದು ಕೇಳುವುದು ನ್ಯಾಯವೇ. 2023ರಲ್ಲಿ ಸುಮಾರು 8.7 ಲಕ್ಷ, ಗಂಟೆ ಲೆಕ್ಕದ ನೌಕರರಲ್ಲಿ ಶೇ 1.1 ಮಾತ್ರ. ಮೂವತ್ತು ರಾಜ್ಯಗಳು ತಾವೇ ದರ ಏರಿಸಿಕೊಂಡಿವೆ. ವಾಷಿಂಗ್ಟನ್ ರಾಜ್ಯದಲ್ಲಿ 2025ರ ದರ 16.66 ಡಾಲರ್. ಟೆಕ್ಸಸ್, ಪೆನ್ಸಿಲ್ವೇನಿಯಾಗಳಲ್ಲಿ ಈಗಲೂ ಏಳೂಕಾಲೇ. ಆದರೆ ಶೇ 1.1ರ ಅಂಕಿಗೆ ಹತ್ತು-ಹನ್ನೆರಡು ಡಾಲರಿನವರು ಸೇರುವುದಿಲ್ಲ. ಹನ್ನೆರಡು ಡಾಲರಿನವರಿಗೂ ಅದೇ ಎರಡು ಬೆಡ್‌ರೂಮಿನ ಮನೆಗೆ ವಾರಕ್ಕೆ 107 ಗಂಟೆ ಬೇಕು.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿಬಂದ ನಮ್ಮ ಹಿರಿಯರು ಹೋಟೆಲ್ ಬಿಲ್ಲಿನ ಕೆಳಗೆ ಅಚ್ಚಾಗಿರುವ 18, 20, 22 ಶೇಕಡಾ ಟಿಪ್ಸ್ ನೋಡಿ ಗೊಣಗುತ್ತಾರೆ. ಆದರೆ ಟಿಪ್ಸ್ ಸಿಗುವ ಕೆಲಸಗಾರರಿಗೆ ಮಾಲೀಕ ಕೊಡಬೇಕಾದ ಕೇಂದ್ರ ದರ ಗಂಟೆಗೆ 2.13 ಡಾಲರ್, ಅದೂ 1991ರಿಂದ. ಟಿಪ್ಸ್ ಸೇರಿಯೂ 7.25 ಮುಟ್ಟದಿದ್ದರೆ ಮಾತ್ರ ಕೊರತೆಯನ್ನು ಮಾಲೀಕ ತುಂಬಬೇಕು. ಅಂದರೆ ಸಂಬಳದ ಬಹುಪಾಲನ್ನು ಗಿರಾಕಿಯೇ ಕೊಡುತ್ತಿದ್ದಾನೆ.

ಕಾಯಿಲೆಯ ಖರ್ಚು ಇನ್ನೊಂದು ಕಥೆ. ಕಂಪನಿಗಳು ಒದಗಿಸುವ ಕುಟುಂಬ ಆರೋಗ್ಯ ವಿಮೆಯ ಸರಾಸರಿ ಕಂತು 2024ರಲ್ಲಿ ವರ್ಷಕ್ಕೆ 25,572 ಡಾಲರ್. ಅದರಲ್ಲಿ ನೌಕರರ ಪಾಲು 6,296. ಏಳೂಕಾಲು ಡಾಲರಿನವರಿಗೆ, ಕೈಗೆ ಬರುವ 6.70ರ ಲೆಕ್ಕದಲ್ಲಿ, ಅದು 940 ಗಂಟೆಯ ದುಡಿಮೆ, ಐದು ತಿಂಗಳಿಗೂ ಮೇಲೆ. ಬಡವರಿಗೆ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇಡ್ ಇದೆ ನಿಜ; ಟೆಕ್ಸಸ್‌ನಂಥ ರಾಜ್ಯದಲ್ಲಿ ಮಕ್ಕಳಿಲ್ಲದ, ಅಂಗವಿಕಲರಲ್ಲದ ವಯಸ್ಕರಿಗೆ ಅದೂ ಸಿಗುವುದಿಲ್ಲ.

ಇನ್ನು ಬಾಣಂತನ. 1993ರ ಕೇಂದ್ರ ಕಾನೂನು ಕೊಡುವುದು 12 ವಾರ ರಜೆ, ಸಂಬಳವಿಲ್ಲದೆ. ಅದೂ 50 ಮಂದಿಗಿಂತ ಕಡಿಮೆ ಇರುವ ಕಂಪನಿಯಾದರೆ ಇಲ್ಲ. ಏಳೂಕಾಲು ಡಾಲರಿನ ತಾಯಿ ಅಷ್ಟೂ ದಿನ ಮಗುವಿನ ಜೊತೆ ಉಳಿದರೆ 480 ಗಂಟೆಯ ಕೂಲಿ ಖೋತಾ, 3,480 ಡಾಲರ್. ಹೆರಿಗೆ ಆಸ್ಪತ್ರೆಯ ಬಿಲ್ಲು ಬೇರೆ.