ಡಾಕ್ಟರೂ ಅಲ್ಲ, ನರ್ಸೂ ಅಲ್ಲ: ನಮ್ಮ ಮಕ್ಕಳಿಗೆ ಇನ್ನೊಂದು ದಾರಿ

ಪ್ಲಸ್ ಟು ಫಲಿತಾಂಶ ಬಂದ ವಾರ ನಮ್ಮ ಕನ್ನಡ ಮನೆಗಳಲ್ಲಿ ನಡೆಯುವ ಮಾತು ಹೆಚ್ಚಾಗಿ ಎರಡೇ. ಅಂಕ ತುಂಬಾ ಇದ್ದರೆ ಡಾಕ್ಟರು, ಅಷ್ಟಿಲ್ಲದಿದ್ದರೆ ನರ್ಸು. ಎರಡೂ ಒದಗದಿದ್ದರೆ ವಿಜ್ಞಾನ ಓದಿದ ಮಗು ಮಂಗಳೂರಿನ ಯಾವುದೋ ಅಂಗಡಿಯಲ್ಲಿ ಲೆಕ್ಕ ಬರೆಯಲು ಹೋಗುತ್ತದೆ. ಆದರೆ ಆಸ್ಪತ್ರೆ ನಡೆಯುವುದು ಇವರಿಬ್ಬರಿಂದ ಮಾತ್ರವಲ್ಲ. ರಕ್ತ ಪರೀಕ್ಷಿಸುವವರು, ಎಕ್ಸ್-ರೇ ತೆಗೆಯುವವರು, ಡಯಾಲಿಸಿಸ್ ಯಂತ್ರ ನಡೆಸುವವರು, ಆಪರೇಷನ್ ಕೋಣೆಯನ್ನು ಅಣಿಗೊಳಿಸುವವರು ಇಲ್ಲದಿದ್ದರೆ ಎಷ್ಟು ದೊಡ್ಡ ಡಾಕ್ಟರೂ ಕೈಕಟ್ಟಿ ಕುಳಿತಿರಬೇಕಾದೀತು.

ಅಮೇರಿಕದಲ್ಲಿ ಇಂತಹ ಕೆಲಸಗಳಿಗೆ ಸುಮಾರು ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಇದೆ. ನಮ್ಮಲ್ಲಿ ಆ ಸ್ಥಾನದಲ್ಲಿರುವುದು ಪಾರಾಮೆಡಿಕಲ್ ಡಿಪ್ಲೊಮಾ. 2021ರಲ್ಲಿ ಸಂಸತ್ತು ಈ ವೃತ್ತಿಗಳಿಗಾಗಿಯೇ ರಾಷ್ಟ್ರೀಯ ಆಯೋಗದ ಕಾಯಿದೆಯನ್ನು ಅಂಗೀಕರಿಸಿತು. ಅದರಂತೆ ಡಿಪ್ಲೊಮಾಕ್ಕೆ ಎರಡರಿಂದ ನಾಲ್ಕು ವರ್ಷಗಳಲ್ಲಿ ಕನಿಷ್ಠ 2,000 ಗಂಟೆಗಳ ಕಲಿಕೆ, ಪದವಿಗೆ ಮೂರರಿಂದ ಆರು ವರ್ಷಗಳಲ್ಲಿ ಕನಿಷ್ಠ 3,600 ಗಂಟೆಗಳ ಕಲಿಕೆ ಅಗತ್ಯ. ಆರು ತಿಂಗಳಲ್ಲಿ ಲ್ಯಾಬ್ ಟೆಕ್ನೀಶಿಯನ್ ಮಾಡುತ್ತೇವೆಂಬ ಜಾಹೀರಾತುಗಳ ಬೆಲೆ ಏನೆಂಬುದನ್ನು ಹೆತ್ತವರು ಇದರಿಂದಲೇ ಅಳೆಯಬಹುದು.

ಕೆಲಸದ ತೂಕ

ಇದು ಬರೇ ಯಂತ್ರದ ಗುಂಡಿ ಒತ್ತುವ ಕೆಲಸವೆಂದು ತಿಳಿಯಬಾರದು. ಸಕ್ಕರೆ ಪರೀಕ್ಷೆಯ ರಕ್ತವನ್ನು ಫ್ಲೋರೈಡ್ ಇರುವ ಬೂದು ಮುಚ್ಚಳದ ಕೊಳವೆಯಲ್ಲಿ ತೆಗೆಯುತ್ತಾರೆ. ಸಾದಾ ಕೊಳವೆಯಲ್ಲಿ ತೆಗೆದು ಹೊತ್ತು ಕಳೆದರೆ ರಕ್ತಕಣಗಳೇ ಸಕ್ಕರೆಯನ್ನು ತಿಂದು ಅಂಕೆ ಇಳಿಯುತ್ತದೆ. ಮದ್ದು ಬೇಕಾದವನಿಗೆ ಮದ್ದು ತಪ್ಪೀತು. ಎಕ್ಸ್-ರೇ ವಿಭಾಗದವರು ತಮ್ಮ ಮೈಗೆ ತಾಗಿದ ವಿಕಿರಣವನ್ನು ಅಳೆಯುವ ಬ್ಯಾಡ್ಜ್ ಧರಿಸಿಯೇ ಕೆಲಸ ಮಾಡಬೇಕು. ಡಯಾಲಿಸಿಸ್ ರೋಗಿ ವಾರಕ್ಕೆ ಎರಡು ಮೂರು ಸಲ, ಪ್ರತಿಸಲ ಸುಮಾರು ನಾಲ್ಕು ಗಂಟೆ ಯಂತ್ರದ ಬಳಿ ಮಲಗಿರುತ್ತಾನೆ. ಆ ನಾಲ್ಕು ಗಂಟೆ ಅವನ ಜೀವ ಟೆಕ್ನೀಶಿಯನ್‌ನ ಕಣ್ಣಳತೆಯಲ್ಲಿರುತ್ತದೆ.

ಸೇರುವುದು ಹೇಗೆ?

ಕೇರಳದಲ್ಲಿ ಪ್ಲಸ್ ಟುವಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರಿಗೆ ತಿರುವನಂತಪುರದ ಎಲ್.ಬಿ.ಎಸ್. ಸೆಂಟರ್ ಮೂಲಕ ಡಿಪ್ಲೊಮಾ ಸೀಟು ಹಂಚಿಕೆಯಾಗುತ್ತದೆ. ಪ್ರತ್ಯೇಕ ಪ್ರವೇಶ ಪರೀಕ್ಷೆಯಿಲ್ಲ, ಅಂಕಗಳೇ ಆಧಾರ. ಕರ್ನಾಟಕದಲ್ಲಿ ಪದವಿ ಬಯಸುವವರು ಒಂದು ವಿಷಯ ಮರೆಯಬಾರದು. ಅಲ್ಲಿಯ ಸಿ.ಇ.ಟಿ. ನಿಯಮಗಳಲ್ಲಿ ಗಡಿನಾಡ ಕನ್ನಡಿಗರಿಗೆಂದೇ ಒಂದು ಅರ್ಹತಾ ಕಲಂ ಇದ್ದು, ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳು ಅದರಲ್ಲಿ ಸೇರಿವೆ. ವಾಸ, ವ್ಯಾಸಂಗ, ಮಾತೃಭಾಷೆಯ ದಾಖಲೆಗಳನ್ನು ಕೊನೆಯ ದಿನ ಹುಡುಕಿದರೆ ಸಿಗುವುದಿಲ್ಲ, ಮೊದಲೇ ತೆಗೆದಿಡಬೇಕು.

ಹಣ ಕಟ್ಟುವ ಮುನ್ನ ಸಂಸ್ಥೆಗೆ ಯಾರ ಮಾನ್ಯತೆಯಿದೆ, ಆ ಪ್ರಮಾಣಪತ್ರದಿಂದ ಕೌನ್ಸಿಲಿನಲ್ಲಿ ನೋಂದಣಿ ಸಿಗುವುದೇ, ತರಬೇತಿಗೆ ನಿಜವಾದ ಆಸ್ಪತ್ರೆ ಇದೆಯೇ ಎಂಬ ಮೂರು ಪ್ರಶ್ನೆಗಳನ್ನು ಕೇಳಿ ಲಿಖಿತ ಉತ್ತರ ಪಡೆಯಿರಿ. ಗಡಿಯಾಚೆ ಓದಿ ಈಚೆ ಸರಕಾರಿ ಹುದ್ದೆಗೆ ಅರ್ಜಿ ಹಾಕುವವರಿಗೆ ಇದು ಇನ್ನೂ ಮುಖ್ಯ. ಸಣ್ಣ ಖಾಸಗಿ ಲ್ಯಾಬುಗಳಲ್ಲಿ ಆರಂಭದ ಸಂಬಳ ಕಡಿಮೆ ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಅನುಭವ ಮತ್ತು ನೋಂದಣಿ ಇದ್ದವರಿಗೆ ಮುಂದೆ ದಾರಿ ತೆರೆಯುತ್ತದೆ.

ಭಾಷೆಯ ಪ್ರಶ್ನೆ

ಹತ್ತನೆಯವರೆಗೆ ಕನ್ನಡದಲ್ಲಿ ಕಲಿತ ಮಗುವಿಗೆ ಇಂಗ್ಲಿಷ್ ಪಾಠ ಮೊದಲ ಕೆಲವು ತಿಂಗಳು ಕಷ್ಟವೇ ಸರಿ. ಆದರೆ ಹಿಮೋಗ್ಲೋಬಿನ್ ಎಂಬ ಶಬ್ದ ಇಂಗ್ಲಿಷ್ ಮಾಧ್ಯಮದ ಮಗುವಿಗೂ ಒಂದು ದಿನ ಹೊಸದೇ ಆಗಿತ್ತು. ರಕ್ತವು ಪ್ರಾಣವಾಯುವನ್ನು ಹೇಗೆ ಒಯ್ಯುತ್ತದೆಂದು ಕನ್ನಡದಲ್ಲಿ ಸರಿಯಾಗಿ ತಿಳಿದವನಿಗೆ ಹೆಸರು ಕಲಿಯುವುದಷ್ಟೇ ಬಾಕಿ. ನಮ್ಮ ತರಗತಿಗಳಲ್ಲಿ ನಾವು ಅಧ್ಯಾಪಕರು ಕನ್ನಡ ಶಬ್ದದ ಜೊತೆ ಇಂಗ್ಲಿಷ್ ಶಬ್ದವನ್ನೂ ಹಲಗೆಯ ಮೇಲೆ ಬರೆದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ. ಮಲಯಾಳವನ್ನೂ ನಮ್ಮ ಮಕ್ಕಳು ಮನಸ್ಸಿಟ್ಟು ಕಲಿಯಬೇಕು. ಅದು ಸಹೋದ್ಯೋಗಿಗಳ ಭಾಷೆ, ಹೆಚ್ಚಿನ ರೋಗಿಗಳ ಭಾಷೆ.

ಆದರೆ ಇನ್ನೊಂದು ಮುಖವೂ ಇದೆ. ಎಣ್ಮಕಜೆಯ ಅಥವಾ ಪೈವಳಿಕೆಯ ಕನ್ನಡ, ತುಳು ಮಾತ್ರ ಬಲ್ಲ ಅಜ್ಜಿಯನ್ನು "ಖಾಲಿ ಹೊಟ್ಟೆಯಲ್ಲಿ ಬಂದಿದ್ದೀರಾ?" ಎಂದು ಅರ್ಥವಾಗದ ಭಾಷೆಯಲ್ಲಿ ಕೇಳಿದರೆ ಅವರು ಸುಮ್ಮನೆ ತಲೆಯಾಡಿಸುತ್ತಾರೆ. ಚಹಾ ಕುಡಿದು ಬಂದ ವಿಷಯ ಯಾರಿಗೂ ತಿಳಿಯುವುದಿಲ್ಲ. ಅದೇ ಪ್ರಶ್ನೆಯನ್ನು ಅಜ್ಜಿಯ ಭಾಷೆಯಲ್ಲಿ ಕೇಳುವವರು ಲ್ಯಾಬಿನಲ್ಲಿರುವುದು ಭಾಷಾಭಿಮಾನದ ಮಾತಲ್ಲ, ಚಿಕಿತ್ಸೆಯ ಮಾತು. ಎಂಡೋಸಲ್ಫಾನ್ ಬಾಧಿತ ಮನೆಗಳಲ್ಲಿ ಕೈಕಾಲಿನ ವ್ಯಾಯಾಮ, ಮಾತಿನ ತರಬೇತಿ ಕೊಡುವವರಿಗೂ ಮನೆಮಾತು ತಿಳಿದಿರಲೇಬೇಕು.

2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಜಿಲ್ಲೆಯ ರೋಗಿಗಳು ಪಟ್ಟ ಪಾಡನ್ನು ಯಾರೂ ಮರೆತಿಲ್ಲ. ಅದೇ ವರ್ಷ ಎಪ್ರಿಲಿನಲ್ಲಿ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಕಟ್ಟಡವನ್ನು ಕೋವಿಡ್ ಆಸ್ಪತ್ರೆಯಾಗಿ ಆರಂಭಿಸಬೇಕಾಯಿತು. ಕಟ್ಟಡ ಸರಕಾರ ಕಟ್ಟೀತು, ಯಂತ್ರವೂ ಬಂದೀತು. ಆ ಯಂತ್ರದ ಬಳಿ ನಿಲ್ಲುವವರಲ್ಲಿ ನಮ್ಮ ಮಕ್ಕಳೂ ಇರಬೇಕಾದರೆ ಮನೆಯ ಹಿರಿಯರು ಈ ವರ್ಷವೇ ಮಗುವಿನ ಅಂಕಪಟ್ಟಿಯನ್ನು ಮುಂದಿಟ್ಟು ಈ ದಾರಿಯ ಬಗ್ಗೆ ಒಮ್ಮೆ ಕುಳಿತು ಮಾತನಾಡಲಿ.