ಬಿಸಿಲ ನಾಡಿನ ಎಲೆ ಲೆಕ್ಕ

ಕಲಬುರಗಿಯಲ್ಲಿ ಎಲ್ಲದಕ್ಕೂ ಬರ ಬಂದೀತು, ಬಿಸಿಲಿಗೆ ಮಾತ್ರ ಬರುವುದಿಲ್ಲ. ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟಿದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಎಲೆ ಸೂರ್ಯನ ಬೆಳಕಿನಿಂದ ಆಹಾರ ತಯಾರಿಸುತ್ತದೆ ಎಂಬ ಶಾಲೆಯ ಪಾಠವನ್ನೇ ಹಿಡಿದು ಹೊರಟರೆ, ಇಷ್ಟು ಬಿಸಿಲು ಸುರಿಯುವ ನೆಲದಲ್ಲಿ ಬೆಳೆಯೂ ಉಕ್ಕಿ ಹರಿಯಬೇಕಿತ್ತು. ಹಾಗೆ ಆಗುವುದಿಲ್ಲ ಎಂಬುದು ಆಳಂದದಿಂದ ಸೇಡಂವರೆಗಿನ ಯಾವ ರೈತನಿಗೂ ಗೊತ್ತು. ಏಕೆ ಆಗುವುದಿಲ್ಲ ಎಂಬುದನ್ನು ಎಲೆಯ ಒಳಗೆ ಇಣುಕಿ ಹುಡುಕುವ ವಿಜ್ಞಾನಕ್ಕೆ ಬೆಳೆ ಶರೀರಕ್ರಿಯಾಶಾಸ್ತ್ರ ಎಂದು ಹೆಸರು. ದ್ಯುತಿಸಂಶ್ಲೇಷಣೆ, ಬರ, ಬಿಸಿ, ರೋಗ ಇವುಗಳ ನಡುವಿನ ಜಗ್ಗಾಟವೇ ಅದರ ವಸ್ತು. ಆ ವಿಜ್ಞಾನವನ್ನು ಪರಿಚಯ ಮಾಡಿಕೊಳ್ಳಲು ಕಲಬುರಗಿಯ ತೊಗರಿ ಹೊಲ ಮತ್ತು ಕಮಲಾಪುರದ ಕೆಂಬಾಳೆ ತೋಟಗಳಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಬಾಯಿ ತೆರೆದರೆ ನೀರು ಹೋಗುತ್ತದೆ

ಎಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಪತ್ರರಂಧ್ರಗಳಿರುತ್ತವೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಒಳಗೆ ಬರಬೇಕಾದರೆ ಅವು ತೆರೆಯಬೇಕು. ತೆರೆದೊಡನೆ ಒಳಗಿನ ತೇವ ಆವಿಯಾಗಿ ಹೊರಗೆ ಹೋಗುತ್ತದೆ. ತೊಗರಿ, ಕಡಲೆ, ಗೋಧಿ, ಬಾಳೆಯಂಥ ಸಿ3 ವರ್ಗದ ಸಸ್ಯಗಳು ಇಂಗಾಲದ ಡೈಆಕ್ಸೈಡ್‌ನ ಒಂದು ಅಣುವನ್ನು ಹಿಡಿಯುವಷ್ಟರಲ್ಲಿ ಸುಮಾರು 400 ಅಣು ನೀರನ್ನು ಕಳೆದುಕೊಳ್ಳುತ್ತವೆ. ಜೋಳ, ಸಜ್ಜೆ, ಕಬ್ಬುಗಳಂಥ ಸಿ4 ಸಸ್ಯಗಳಲ್ಲಿ ಈ ನಷ್ಟ ಸುಮಾರು 150ಕ್ಕೆ ಇಳಿಯುತ್ತದೆ. ಕಬ್ಬಿನ ಎಲೆ ಇಂಗಾಲದ ಡೈಆಕ್ಸೈಡ್ ಹಿಡಿಯುವ ಈ ಬೇರೆ ಮಾರ್ಗವನ್ನು 1966ರಲ್ಲಿ ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡುತ್ತಿದ್ದ ಹ್ಯಾಚ್ ಮತ್ತು ಸ್ಲ್ಯಾಕ್ ಬಿಡಿಸಿ ತೋರಿಸಿದರು. ಹಿಂಗಾರಿ ಬಿಳಿಜೋಳ ಎರೆ ಭೂಮಿಯಲ್ಲಿ ಉಳಿದ ತೇವದ ಮೇಲೆಯೇ ತೆನೆ ತುಂಬಿಕೊಳ್ಳುವುದರ ಹಿಂದೆ ಈ ಮಿತವ್ಯಯದ ಪಾಲೂ ಇದೆ.

ಸಿ3 ಎಲೆಗೆ ಇನ್ನೊಂದು ತೊಡಕು. ಇಂಗಾಲದ ಡೈಆಕ್ಸೈಡ್ ಹಿಡಿಯುವ ರುಬಿಸ್ಕೊ ಎಂಬ ಕಿಣ್ವ ಆಗಾಗ ಎಡವಿ ಆಮ್ಲಜನಕವನ್ನು ಹಿಡಿದುಬಿಡುತ್ತದೆ. ಬಿಸಿ ಏರಿದಂತೆ, ರಂಧ್ರಗಳು ಮುಚ್ಚಿದಂತೆ ಈ ಎಡವಟ್ಟು ಹೆಚ್ಚುತ್ತದೆ. ಮಾಡಿದ ಕೆಲಸದ ಒಂದು ಪಾಲು ಅಲ್ಲಿಯೇ ಪೋಲಾಗುತ್ತದೆ. ಬೆಳಕೂ ಅಷ್ಟೆ. ಮಧ್ಯಾಹ್ನದ ಪೂರ್ಣ ಬಿಸಿಲಿನ ಅರ್ಧದಷ್ಟು ಸಿಕ್ಕರೇ ಸಾಮಾನ್ಯವಾಗಿ ಸಿ3 ಎಲೆಯ ಸಾಮರ್ಥ್ಯ ಮುಗಿಯುತ್ತದೆ. ಉಳಿದ ಬೆಳಕು ಅದಕ್ಕೆ ಲಾಭವಲ್ಲ, ಹೊರೆ. ಆ ಹೊರೆಯನ್ನು ಶಾಖವಾಗಿ ಹೊರಹಾಕದಿದ್ದರೆ ಎಲೆಯೊಳಗಿನ ಯಂತ್ರವೇ ಸುಡುತ್ತದೆ.

ಹೀಗಾಗಿ ಕಲಬುರಗಿಯ ಬೆಳೆಗೆ ಬೆಳಕು ಸಾಕಾಗುತ್ತದೆಯೇ ಎಂಬ ಪ್ರಶ್ನೆಯೇ ಏಳುವುದಿಲ್ಲ. ಇರುವ ನೀರಿನಲ್ಲಿ ಎಷ್ಟು ಹೊತ್ತು ರಂಧ್ರ ತೆರೆದಿಟ್ಟುಕೊಳ್ಳಬಹುದು, ಹಾಗೆ ದುಡಿದದ್ದರಲ್ಲಿ ಎಷ್ಟು ಕಾಳಿಗೆ ಸೇರುತ್ತದೆ ಎಂಬುದೇ ಇಲ್ಲಿನ ಲೆಕ್ಕ.

ತೊಗರಿಯ ಉಪಾಯಗಳು

ಜೂನ್–ಜುಲೈಯಲ್ಲಿ ಬಿತ್ತಿದ ತೊಗರಿ ಮೊದಲ ಎರಡು ತಿಂಗಳು ಬೆಳೆಯುತ್ತಿದೆಯೋ ಇಲ್ಲವೋ ಎಂಬಷ್ಟು ನಿಧಾನ. ಆ ಹೊತ್ತಿನಲ್ಲಿ ಅದು ಬೇರಿಳಿಸುತ್ತಿರುತ್ತದೆ. ಸಾಲುಗಳ ನಡುವೆ ಬೀಳುವ ಬೆಳಕನ್ನು ಹೆಸರು, ಉದ್ದು ಬಳಸಿಕೊಂಡು ತೊಗರಿ ಹರಡುವ ಮೊದಲೇ ಕೊಯ್ಲಿಗೆ ಬರುತ್ತವೆ. ನಮ್ಮ ಹಿರಿಯರು ರೂಢಿಸಿಕೊಂಡ ಈ ಅಕ್ಕಡಿ ಪದ್ಧತಿ, ಸಸ್ಯವಿಜ್ಞಾನಿಯ ಭಾಷೆಯಲ್ಲಿ ಹೇಳಿದರೆ, ನೆಲಕ್ಕೆ ಬಿದ್ದು ವ್ಯರ್ಥವಾಗುವ ಬೆಳಕನ್ನು ಎಲೆಗೆ ದಕ್ಕಿಸುವ ಜಾಣ್ಮೆ.

ಹಗಲು ಕಿರಿದಾಗುತ್ತ ಬಂದಾಗ ತೊಗರಿ ಹೂ ಬಿಡುತ್ತದೆ. ಅಷ್ಟರಲ್ಲಿ ಮುಂಗಾರಿ ಮಳೆ ಹಿಂದೆ ಸರಿದಿರುತ್ತದೆ. ಕಾಯಿ ಕಟ್ಟಿ ಕಾಳು ತುಂಬುವ ಕೆಲಸವೆಲ್ಲ ಎರೆ ಮಣ್ಣಿನ ಆಳದಲ್ಲಿ ಉಳಿದ ತೇವದ ಮೇಲೆಯೇ ನಡೆಯಬೇಕು. ಈ ಹಂತದಲ್ಲಿ ಗಿಡ ಮಾಡುವ ಉಪಾಯಗಳು ಒಂದೆರಡಲ್ಲ. ನೀರು ಕಡಿಮೆಯಾದಾಗ ಅದರ ಎಲೆಗಳು ಬಿಸಿಲಿಗೆ ಅಂಗೈ ಒಡ್ಡದೆ ಅಂಚು ತಿರುಗಿಸಿ ನಿಲ್ಲುತ್ತವೆ. ಜೀವಕೋಶಗಳಲ್ಲಿ ಸಕ್ಕರೆ, ಲವಣಗಳಂಥ ವಸ್ತುಗಳನ್ನು ಕೂಡಿಟ್ಟು ತೇವವನ್ನು ಬಿಗಿಹಿಡಿಯುತ್ತವೆ. ತೀರಾ ಬಿಗಡಾಯಿಸಿದರೆ ಕೆಳಗಿನ ಹಳೆಯ ಎಲೆಗಳನ್ನು ಉದುರಿಸಿ ಗಿಡ ತನ್ನ ಖರ್ಚು ತಗ್ಗಿಸಿಕೊಳ್ಳುತ್ತದೆ.

ಆದರೆ ಎಲೆಯ ದುಡಿಮೆಯೆಲ್ಲ ಕಾಳಾಗುವುದಿಲ್ಲ. ತೊಗರಿ ಬಿಡುವ ಹೂಗಳಲ್ಲಿ ಬಹುಪಾಲು ಕಾಯಾಗದೆ ಉದುರುತ್ತವೆ. ಹೂ ಬಿಟ್ಟ ಹೊತ್ತಿನಲ್ಲಿ ಮೋಡ ಕವಿದರೆ, ಮಂಜು ಬಿದ್ದರೆ, ತೇವ ಆರಿದರೆ ಹೊಲದಡಿ ಹಳದಿ ಹಾಸು. ಎಲೆ ಮಾಡಿದ ಸಕ್ಕರೆ ಹೂವಿಗೆ ತಲುಪುವ ಹಾದಿಯಲ್ಲಿ ಎಲ್ಲೋ ತಡೆ ಬೀಳುತ್ತದೆ. ತೊಗರಿಯ ಇಳುವರಿಯ ಗುಟ್ಟು ಇರುವುದು ಈ ಹಾದಿಯಲ್ಲಿಯೇ.

ಆಳಂದ ರಸ್ತೆಯ ಕೇಂದ್ರ

ಕಲಬುರಗಿ ನಗರದಿಂದ ಆಳಂದ ರಸ್ತೆ ಹಿಡಿದರೆ ಕೃಷಿ ಸಂಶೋಧನಾ ಕೇಂದ್ರ ಮತ್ತು ಕೃಷಿ ವಿಜ್ಞಾನ ಕೇಂದ್ರ ಸಿಗುತ್ತವೆ. 2009ರಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಇವು ಅದರ ವ್ಯಾಪ್ತಿಗೆ ಬಂದವು. ತೊಗರಿ ಮತ್ತು ಕಡಲೆ ಇಲ್ಲಿನ ಮುಖ್ಯ ಬೆಳೆಗಳು. ಟಿಎಸ್-3ಆರ್, ಜಿಆರ್‌ಜಿ-811, ‘ಭೀಮಾ’ ಎಂದು ಕರೆಯುವ ಜಿಆರ್‌ಜಿ-152 ಮುಂತಾದ ತೊಗರಿ ತಳಿಗಳು ಹೊಲ ಸೇರಿದ್ದು ಇಲ್ಲಿಂದಲೇ. ಹಳೆಯ ಅಣ್ಣಿಗೇರಿ ಕಡಲೆಗೆ ನೆಟೆ ರೋಗ ತಡೆಯುವ ಗುಣ ಸೇರಿಸಿದ ‘ಸೂಪರ್ ಅಣ್ಣಿಗೇರಿ-1’ ತಳಿ ಈ ವಿಶ್ವವಿದ್ಯಾಲಯ ಮತ್ತು ಹೈದರಾಬಾದ್ ಬಳಿಯ ಪಟಾಂಚೆರುವಿನ ಇಕ್ರಿಸ್ಯಾಟ್ ಸಂಸ್ಥೆ ಕೂಡಿ ಮಾಡಿದ ಕೆಲಸ.

ಹೂ ಉದುರುವುದಕ್ಕೆ ರಾಯಚೂರು ವಿಶ್ವವಿದ್ಯಾಲಯ ಕೊಟ್ಟ ಉತ್ತರ ‘ಪಲ್ಸ್ ಮ್ಯಾಜಿಕ್’. ಸಾರಜನಕ, ರಂಜಕ, ಲಘು ಪೋಷಕಾಂಶ ಮತ್ತು ಅತ್ಯಲ್ಪ ಪ್ರಮಾಣದ ಬೆಳವಣಿಗೆ ಪ್ರಚೋದಕ ಸೇರಿಸಿದ ಮಿಶ್ರಣ ಅದು. ಹೂ ಬಿಡುವಾಗ ಒಮ್ಮೆ, ಸುಮಾರು ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಎಲೆಗೆ ಸಿಂಪಡಿಸುತ್ತಾರೆ. ಬೇರು ಒಣಮಣ್ಣಿನಿಂದ ಪೋಷಕಾಂಶ ಎಳೆದುಕೊಳ್ಳಲು ತಿಣುಕುವ ಹೊತ್ತಿನಲ್ಲಿ ಎಲೆಯ ಮೂಲಕವೇ ಅದನ್ನು ಒದಗಿಸುವುದು, ಹೂ ಮತ್ತು ಎಳೆಗಾಯಿಗಳನ್ನು ಗಿಡದಲ್ಲೇ ನಿಲ್ಲಿಸುವುದು ಇದರ ಉದ್ದೇಶ. ಕಲಬುರಗಿಯ ತೊಗರಿ ಬೆಳೆಗಾರರ ಬಾಯಲ್ಲಿ ಈ ಹೆಸರು ಈಗ ಯೂರಿಯಾದಷ್ಟೇ ಸಲೀಸು.

ಎರಡನೆಯ ಉಪಾಯಕ್ಕೆ ಪುಡಿಯೂ ಬೇಡ, ದ್ರಾವಣವೂ ಬೇಡ. ಬಿತ್ತಿದ ಸುಮಾರು 45–50 ದಿನಕ್ಕೆ ತೊಗರಿಯ ಕುಡಿ ಚಿವುಟುವುದು. ಕುಡಿಯಲ್ಲಿ ತಯಾರಾಗುವ ಆಕ್ಸಿನ್ ಎಂಬ ಹಾರ್ಮೋನು ಪಕ್ಕದ ಮೊಗ್ಗುಗಳನ್ನು ಅದುಮಿಟ್ಟಿರುತ್ತದೆ. ಕುಡಿ ಹೋದೊಡನೆ ಅವು ಕವಲೊಡೆಯುತ್ತವೆ. ಕವಲು ಹೆಚ್ಚಿದಷ್ಟು ಹೂಗೊಂಚಲು ಹೆಚ್ಚು, ಎಲೆ ದುಡಿದದ್ದನ್ನು ಇಳಿಸಿಕೊಳ್ಳುವ ಜಾಗ ಹೆಚ್ಚು. ಕೂಲಿ ಸಿಗದ ಹೊಲಗಳಲ್ಲಿ ಇದಕ್ಕೆ ಬ್ಯಾಟರಿಯ ಕುಡಿ ಕತ್ತರಿಸುವ ಯಂತ್ರಗಳೂ ಬಂದಿವೆ.

ಎಲೆ ಹಸಿರಾಗಿದ್ದರೆ ಸಾಲದು

ತೊಗರಿಯ ಎರಡು ದೊಡ್ಡ ರೋಗಗಳು ಇದೇ ಪಾಠವನ್ನು ಎರಡು ದಿಕ್ಕಿನಿಂದ ಹೇಳುತ್ತವೆ. ನೆಟೆ ರೋಗ ಫ್ಯುಸೇರಿಯಂ ಉಡಂ ಎಂಬ ಶಿಲೀಂಧ್ರದ ಕೆಲಸ. ಅದು ಬೇರಿನಿಂದ ನುಗ್ಗಿ ನೀರು ಸಾಗುವ ನಾಳಗಳನ್ನು ಕಟ್ಟಿಹಾಕುತ್ತದೆ. ನೆಲದಲ್ಲಿ ತೇವವಿದ್ದರೂ ಎಲೆಗೆ ಬರಗಾಲ. ಕಾಂಡ ಸೀಳಿ ನೋಡಿದರೆ ಒಳಗೆ ಕಪ್ಪು ಗೆರೆ ಕಾಣುತ್ತದೆ. 2022ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯ ಹೊಲಗಳಲ್ಲಿ ಕಾಯಿ ಕಟ್ಟುವ ಹೊತ್ತಿಗೆ ತೊಗರಿ ನಿಂತಲ್ಲೇ ಒಣಗಿ, ರೈತರು ಪರಿಹಾರಕ್ಕಾಗಿ ಬೀದಿಗಿಳಿಯಬೇಕಾಯಿತು. ಗೊಡ್ಡು ರೋಗದ್ದು ಇದಕ್ಕೆ ತೀರ ಉಲ್ಟಾ ಕಥೆ. ಕಣ್ಣಿಗೆ ಕಾಣದ ನುಸಿ ಹರಡುವ ಈ ನಂಜು ರೋಗ ತಗುಲಿದ ಗಿಡ ಪೊದೆಯಂತೆ ಹಸಿರಾಗಿ ನಿಂತಿರುತ್ತದೆ, ಆದರೆ ಹೂ ಬಿಡುವುದಿಲ್ಲ. ಒಂದರಲ್ಲಿ ಎಲೆ ದುಡಿಯಲಾರದು, ಇನ್ನೊಂದರಲ್ಲಿ ದುಡಿದದ್ದು ಕಾಳಾಗದು.

1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾದ ‘ಮಾರುತಿ’ ತಳಿ ನೆಟೆ ರೋಗಕ್ಕೆ ಜಗ್ಗದೆ ನಿಂತು ಈ ಭಾಗದ ಹೊಲಗಳನ್ನು ತುಂಬಿತು. ಗೊಡ್ಡು ರೋಗವನ್ನು ತಡೆಯುವ ಶಕ್ತಿ ಅದಕ್ಕಿರಲಿಲ್ಲ. ಮುಂದೆ ಬಂದ ‘ಆಶಾ’ ಎರಡನ್ನೂ ತಡೆಯಿತು. 2011ರ ಕೊನೆಗೆ ಇಕ್ರಿಸ್ಯಾಟ್‌ನ ರಾಜೀವ್ ವಾರ್ಷ್ನೇಯ ಅವರ ನೇತೃತ್ವದ ತಂಡ ತೊಗರಿಯ ಪೂರ್ಣ ಜೀನೋಮ್ ಪ್ರಕಟಿಸಿದಾಗ ಓದಲು ಆರಿಸಿಕೊಂಡದ್ದು ಇದೇ ಆಶಾ ತಳಿಯನ್ನು. ಹೊಲದಲ್ಲಿ ಮಾತ್ರ ಹಳೆಯ ಬುದ್ಧಿಗೂ ಬೆಲೆಯಿದೆ. ತೊಗರಿಯ ಜೊತೆಗೆ, ಇಲ್ಲವೇ ಮರುವರ್ಷ, ಜೋಳ ಬಿತ್ತಿದರೆ ನೆಟೆ ತಗ್ಗುತ್ತದೆ. ಬಿತ್ತುವ ಮುನ್ನ ಬೀಜಕ್ಕೆ ಟ್ರೈಕೊಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಲೇಪಿಸುವುದು ಇದರ ಜೊತೆಗಿನ ರಕ್ಷೆ.

ಎಲೆಯ ನಾಡಿ ಹಿಡಿಯುವುದು

ಗಿಡ ಬಾಡುವ ಮೊದಲೇ ಅದರ ಕಷ್ಟ ತಿಳಿಯುವುದು ಹೇಗೆ? ಸಂಶೋಧಕರ ಕೈಯಲ್ಲಿ ಇದಕ್ಕೆ ಹಲವು ಸಾಧನಗಳಿವೆ. ಎಲೆಯನ್ನು ಪುಟ್ಟ ಪೆಟ್ಟಿಗೆಯಲ್ಲಿ ಸಿಕ್ಕಿಸಿ, ಒಳಹೋಗುವ ಮತ್ತು ಹೊರಬರುವ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹಾಗೂ ತೇವದ ವ್ಯತ್ಯಾಸ ಅಳೆಯುವ ಅನಿಲ ವಿಶ್ಲೇಷಕ ಒಂದು. ಎಲೆಯ ಹಸಿರನ್ನು ಕ್ಷಣದಲ್ಲಿ ಅಂಕಿಯಾಗಿ ತೋರಿಸುವ ಕೈಯಳತೆಯ ಸ್ಪ್ಯಾಡ್ ಮೀಟರ್ ಇನ್ನೊಂದು. ಮೂರನೆಯದು ಪತ್ರಹರಿತ್ತಿನ ಮಿನುಗನ್ನು ಅಳೆಯುತ್ತದೆ. ಕತ್ತಲಲ್ಲಿಟ್ಟ ಎಲೆಗೆ ಬೆಳಕು ಚಿಮ್ಮಿಸಿದಾಗ ಅದು ತಿರುಗಿ ಹೊಮ್ಮಿಸುವ ಮಂದ ಕೆಂಪು ಬೆಳಕಿನಿಂದ ಒಂದು ಅನುಪಾತ ಸಿಗುತ್ತದೆ. ಆರೋಗ್ಯವಂತ ಎಲೆಯಲ್ಲಿ ಅದು 0.83ರ ಆಸುಪಾಸು. ಬಿಸಿಯಿಂದಲೋ ಅತಿ ಬೆಳಕಿನಿಂದಲೋ ಒಳಗಿನ ವ್ಯವಸ್ಥೆ ಪೆಟ್ಟು ತಿಂದರೆ ಅಂಕಿ ಇಳಿಯುತ್ತದೆ, ಎಲೆ ಇನ್ನೂ ಹಸಿರಾಗಿ ಕಾಣುತ್ತಿರುವಾಗಲೇ.

ಇಡೀ ಹಂಗಾಮಿನ ನೀರಿನ ಲೆಕ್ಕ ಬೇಕಾದರೆ ಇಂಗಾಲವೇ ಸಾಕ್ಷಿ ಹೇಳುತ್ತದೆ. ಗಾಳಿಯಲ್ಲಿನ ಇಂಗಾಲದಲ್ಲಿ ಸುಮಾರು ಶೇ 1.1ರಷ್ಟು ಭಾರದ ಇಂಗಾಲ-13. ಎಲೆ ಹಗುರ ಇಂಗಾಲವನ್ನೇ ಇಷ್ಟಪಡುತ್ತದೆ. ರಂಧ್ರ ಕಿರಿದಾದಾಗ ಆಯ್ಕೆಗೆ ಅವಕಾಶ ಕಡಿಮೆಯಾಗಿ ಭಾರದ್ದನ್ನೂ ಹೆಚ್ಚು ಬಳಸಬೇಕಾಗುತ್ತದೆ. ಆದ್ದರಿಂದ ಒಣಗಿದ ಎಲೆಯನ್ನು ಪರೀಕ್ಷಿಸಿದರೂ ಆ ಗಿಡ ನೀರನ್ನು ಎಷ್ಟು ಹಿತಮಿತವಾಗಿ ಬಳಸಿತ್ತು ಎಂದು ಅಂದಾಜಿಸಬಹುದು. ಆಸ್ಟ್ರೇಲಿಯಾದ ಗ್ರಹಾಂ ಫಾರ್ಕ್ಹರ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಇದಕ್ಕೆ ಅಡಿಪಾಯ ಹಾಕಿದರು. ಕರ್ನಾಟಕದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ (ಜಿಕೆವಿಕೆ) ಬೆಳೆ ಶರೀರಕ್ರಿಯಾಶಾಸ್ತ್ರ ವಿಭಾಗ ಎಂ. ಉದಯಕುಮಾರ್, ಎಂ. ಎಸ್. ಶೇಷಶಾಯಿ ಅವರಂಥ ವಿಜ್ಞಾನಿಗಳ ಮೂಲಕ ಈ ವಿಧಾನವನ್ನು ನಮ್ಮ ಬೆಳೆಗಳಿಗೆ ಬಳಸಿತು.

ಕಮಲಾಪುರದ ಇನ್ನೊಂದು ಲೆಕ್ಕ

ಹುಮನಾಬಾದ್ ರಸ್ತೆಯಲ್ಲಿ ಕಲಬುರಗಿಯಿಂದ ಒಂದು ತಾಸಿನೊಳಗೆ ಕಮಲಾಪುರ. ಇಲ್ಲಿ ಎರೆಯ ಕಪ್ಪು ಮಾಯವಾಗಿ ಕೆಂಪು ಮಣ್ಣಿನ ತಗ್ಗು ಶುರುವಾಗುತ್ತದೆ. ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಕೆಂಬಾಳೆ ಬೆಳೆಯುವುದು ಈ ತಗ್ಗಿನಲ್ಲಿ. ಬೇರೆ ಬಾಳೆ ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿ ಗೊನೆ ಕೊಟ್ಟರೆ ಇದಕ್ಕೆ ಸುಮಾರು ಹದಿನೆಂಟು ತಿಂಗಳು ಬೇಕು.

ತೊಗರಿಯೂ ಬಾಳೆಯೂ ಸಿ3 ಸಸ್ಯಗಳೇ, ಬದುಕುವ ರೀತಿ ಮಾತ್ರ ಬೇರೆ. ತೊಗರಿ ಆಳಕ್ಕೆ ಬೇರಿಳಿಸಿದರೆ ಬಾಳೆಯ ಬೇರು ಮೇಲ್ಮಣ್ಣಿನಲ್ಲೇ ಹರಡುತ್ತದೆ. ಎಲೆ ದೊಡ್ಡದಾದಷ್ಟು ಗಾಳಿಗೆ ತಣಿಯುವುದು ಕಷ್ಟ, ಬೇಗ ಕಾಯುತ್ತದೆ. ಅದಕ್ಕೇ ಮಧ್ಯಾಹ್ನ ಬಾಳೆಲೆಯ ಎರಡು ಮಗ್ಗುಲೂ ನಡುದಿಂಡಿನಿಂದ ಕೆಳಗೆ ಮಡಚಿಕೊಳ್ಳುತ್ತವೆ. ಗಾಳಿಗೆ ಸೀಳಿದ ಬಾಳೆಲೆ ನೋಡಿ ಮರುಗಬೇಕಿಲ್ಲ. ಸೀಳಿದ ಪಟ್ಟಿಗಳು ಇಡೀ ಎಲೆಗಿಂತ ಬೇಗ ತಣಿಯುತ್ತವೆ ಎಂದು ಪ್ರಯೋಗಗಳೇ ತೋರಿಸಿವೆ. ಸೀಳು ಅತಿಯಾದರೆ ಮಾತ್ರ ನಷ್ಟ.

ಕೆಂಬಾಳೆಯ ದಿಂಡು, ಎಲೆತೊಟ್ಟು, ಸಿಪ್ಪೆಗೆ ಕೆಂಪು ತರುವುದು ಆಂಥೋಸಯಾನಿನ್. ಸಸ್ಯಲೋಕದಲ್ಲಿ ಈ ಬಣ್ಣ ಅತಿ ಬೆಳಕಿಗೆ ಪರದೆಯಾಗಿಯೂ ಕೆಲಸ ಮಾಡುತ್ತದೆ. ಕೆಂಬಾಳೆಯ ಗಿಡ ಒಮ್ಮೊಮ್ಮೆ ತಾನಾಗಿಯೇ ರೂಪಾಂತರಗೊಂಡು ಹಸಿರು ಗೊನೆ ಬಿಡುವುದೂ ಉಂಟು. ಹೀಗಾಗಿ ಒಳ್ಳೆಯ ಗಿಡ ಗುರುತಿಸಿ ಅದರ ಕಂದನ್ನೇ ನೆಡುವುದು ಬೆಳೆಗಾರನ ಕೈಚಳಕ. ಹದಿನೆಂಟು ತಿಂಗಳೆಂದರೆ ಕನಿಷ್ಠ ಒಂದು ಕಲಬುರಗಿ ಬೇಸಿಗೆಯನ್ನು ನೀರು ಕೊಟ್ಟು ದಾಟಿಸಬೇಕು. ತೋಟಗಳು ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿರುವುದಕ್ಕೆ ಈ ನೀರಿನ ಬಾಬತ್ತೂ ಒಂದು ಕಾರಣ.

ಮುಂದಿನ ದಾರಿ

ಅತಿ ಬೆಳಕಿನಿಂದ ಕಾಪಾಡಿಕೊಳ್ಳಲು ಎಲೆ ಹಾಕಿಕೊಳ್ಳುವ ಕಡಿವಾಣವನ್ನು, ಮೋಡ ಬಂದೊಡನೆ ಬೇಗ ಸಡಿಲಿಸುವಂತೆ ಮಾಡಿದರೆ ಬೆಳವಣಿಗೆ ಸುಮಾರು ಶೇ 15ರಷ್ಟು ಹೆಚ್ಚುತ್ತದೆ ಎಂದು 2016ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಸ್ಟೀಫನ್ ಲಾಂಗ್ ಅವರ ತಂಡ ತಂಬಾಕಿನ ಗಿಡದಲ್ಲಿ ತೋರಿಸಿತು. 2025ರಲ್ಲಿ ಇಕ್ರಿಸ್ಯಾಟ್ 45 ಡಿಗ್ರಿವರೆಗಿನ ಬಿಸಿ ತಾಳಿ ಸುಮಾರು 125 ದಿನಕ್ಕೆ ಮಾಗುವ, ಹಗಲಿನ ಉದ್ದಕ್ಕೆ ಕಟ್ಟುಬೀಳದ ತೊಗರಿ ತಳಿ ಐಸಿಪಿವಿ 25444 ಅನ್ನು ಪ್ರಕಟಿಸಿತು. ಅದರ ಪರೀಕ್ಷೆ ನಡೆದ ರಾಜ್ಯಗಳಲ್ಲಿ ಕರ್ನಾಟಕವೂ ಸೇರಿದೆ. ಬೇಸಿಗೆಯಲ್ಲೂ ತೊಗರಿ ಬೆಳೆಯಬಹುದೆಂಬ ಮಾತು ಕೇಳಲು ಹಿತ. ಆದರೆ ಬೇಸಿಗೆ ತೊಗರಿಗೆ ನೀರಾವರಿ ಬೇಕು. ಕಲಬುರಗಿಯ ತೊಗರಿ ಹೊಲ ಬಹುತೇಕ ಮಳೆಯನ್ನೇ ನಂಬಿದ್ದು.

ಆದ್ದರಿಂದ ಹೊಸ ತಳಿಯೊಂದು ಬಂದಾಗ ಎಕರೆಗೆ ಎಷ್ಟು ಕ್ವಿಂಟಲ್ ಎಂದು ಕೇಳುವ ನಾವು, ಇನ್ನೊಂದು ಪ್ರಶ್ನೆಯನ್ನೂ ರೂಢಿಸಿಕೊಳ್ಳಬೇಕು: ಅಷ್ಟು ಕಾಳಿಗೆ ಅದು ಕುಡಿದ ನೀರೆಷ್ಟು? ಮಳೆಯಾಶ್ರಿತ ಎರೆ ಹೊಲದವರಿಗೂ ಬಾವಿ ನೀರಿನ ಬಾಳೆ ತೋಟದವರಿಗೂ ಈ ಪ್ರಶ್ನೆಯ ಉತ್ತರ ಬೇರೆ ಬೇರೆ. ಆ ಉತ್ತರಗಳನ್ನು ತಳಿಯ ಹೆಸರಿನ ಪಕ್ಕದಲ್ಲೇ ಬರೆದು ರೈತನ ಕೈಗಿಟ್ಟರೆ, ಎಲೆಯ ವಿಜ್ಞಾನ ಪ್ರಯೋಗಾಲಯದ ಗೇಟು ದಾಟಿ ಹೊಲಕ್ಕೆ ಬಂತೆಂದು ಧೈರ್ಯವಾಗಿ ಹೇಳಬಹುದು.