‘ಕೊಡಿದ’ ಎನ್ನುವ ಮಗು

ಯಾರೂ ಕೂರಿಸಿಕೊಂಡು ಪಾಠ ಹೇಳದಿದ್ದರೂ ಮಗು ಮಾತು ಕಲಿಯುತ್ತದೆ. ಅದು ಗಿಳಿಪಾಠವೋ, ಹುಟ್ಟಿನಿಂದಲೇ ಬಂದ ಶಕ್ತಿಯೋ ಎಂಬ ಜಗಳ ಹಳೆಯದು. ಆ ಜಗಳದಲ್ಲಿ ಕನ್ನಡದ ಮಕ್ಕಳೂ ಸಾಕ್ಷಿ ನುಡಿದಿದ್ದಾರೆ.

‘ಅಜ್ಜೀ, ಅಣ್ಣ ನಂಗೆ ಚೆಂಡು ಕೊಡಿದ!’

ಮೂರು ವರ್ಷ ತುಂಬಿದ ಮೊಮ್ಮಗಳು ಅಂಗಳದಿಂದ ಓಡಿ ಬಂದು ಹೀಗೆ ಸಾರಿದಾಗ ಮನೆಯವರೆಲ್ಲ ನಕ್ಕರು. ‘ಕೊಡಿದ ಅಲ್ಲ ಪುಟ್ಟಿ, ಕೊಟ್ಟ ಅನ್ಬೇಕು’ ಎಂದು ಅಜ್ಜಿ ತಿದ್ದಿದಳು. ‘ಹ್ಞೂಂ, ಕೊಡಿದ’ ಎಂದು ಮೊಮ್ಮಗಳು ಮತ್ತೆ ಅಂಗಳಕ್ಕೆ ಓಡಿದಳು. ನಾನು ಮಾತ್ರ ಆ ಒಂದು ಪದವನ್ನೇ ಮೆಲುಕು ಹಾಕುತ್ತ ಕೂತೆ. ನಮ್ಮ ಮನೆಯಲ್ಲಾಗಲಿ ಬೀದಿಯಲ್ಲಾಗಲಿ ‘ಕೊಡಿದ’ ಎನ್ನುವವರು ಒಬ್ಬರೂ ಇಲ್ಲ. ಕಿವಿಗೆ ಬೀಳದ ಪದ ನಾಲಿಗೆಗೆ ಬಂದದ್ದು ಎಲ್ಲಿಂದ?

ಆಡು–ಆಡಿದ, ಓಡು–ಓಡಿದ, ನೋಡು–ನೋಡಿದ, ಮಾಡು–ಮಾಡಿದ. ಇವನ್ನು ಮಗು ದಿನವಿಡೀ ಕೇಳುತ್ತದೆ. ‘ಡು’ ಇದ್ದಲ್ಲಿ ‘ಡಿದ’ ಬರಬೇಕೆಂದು ತಾನೇ ಒಂದು ಸೂತ್ರ ಕಟ್ಟಿಕೊಂಡು ‘ಕೊಡು’ವಿಗೂ ಅದನ್ನೇ ಹಚ್ಚಿದೆ. ದೊಡ್ಡವರ ಸೂತ್ರ ಇನ್ನೂ ಒಂದು ಮೆಟ್ಟಿಲು ಮೇಲಿದೆ. ಇಂಥ ಎರಡಕ್ಷರದ ಕ್ರಿಯಾಪದಗಳಲ್ಲಿ ಮೊದಲ ಸ್ವರ ದೀರ್ಘವಾದರೆ ‘ಡಿದ’, ಹ್ರಸ್ವವಾದರೆ ‘ಟ್ಟ’: ಕೊಟ್ಟ, ಬಿಟ್ಟ, ಇಟ್ಟ, ಸುಟ್ಟ, ನೆಟ್ಟ, ಉಟ್ಟ. ಹುಟ್ಟಿದಾಗಿನಿಂದ ಕನ್ನಡದಲ್ಲೇ ಬದುಕಿದ ನಮ್ಮಲ್ಲಿ ಎಷ್ಟು ಜನ ಈ ನಿಯಮವನ್ನು ಬಾಯಿಬಿಟ್ಟು ಹೇಳಬಲ್ಲರು? ಆದರೂ ಯಾರೊಬ್ಬರೂ ತಪ್ಪಿ ‘ನೋಟ್ಟ’ ಎನ್ನುವುದಿಲ್ಲ. ಕಲಿತೆವೆಂಬ ಅರಿವೇ ಇಲ್ಲದೆ ಕಲಿತ ವಿದ್ಯೆ ಇದು. ಮೊಮ್ಮಗಳು ಆ ಮೆಟ್ಟಿಲು ಏರುತ್ತಿದ್ದಾಳೆ, ಅಷ್ಟೆ.

ಗಿಳಿಪಾಠವೋ, ಹುಟ್ಟುಗುಣವೋ

ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ 1957ರಲ್ಲಿ ‘ವರ್ಬಲ್ ಬಿಹೇವಿಯರ್’ ಎಂಬ ಪುಸ್ತಕ ಬರೆದರು. ಅವರ ಪ್ರಕಾರ ಮಾತು ಕೂಡ ಬೇರೆಲ್ಲ ನಡವಳಿಕೆಯಂತೆ ರೂಢಿಯಿಂದ ಬರುವಂಥದ್ದು. ಮಗು ‘ಹಾಲು’ ಎಂದರೆ ಹಾಲು ಸಿಗುತ್ತದೆ, ಜೊತೆಗೆ ಮುದ್ದೂ ಸಿಗುತ್ತದೆ. ಫಲ ಸಿಕ್ಕ ಮಾತು ಬೇರೂರುತ್ತದೆ, ಸಿಗದ್ದು ಉದುರಿಹೋಗುತ್ತದೆ.

ಎರಡೇ ವರ್ಷದಲ್ಲಿ, 1959ರಲ್ಲಿ, ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ ‘ಲ್ಯಾಂಗ್ವೇಜ್’ ಎಂಬ ಪತ್ರಿಕೆಯಲ್ಲಿ ಆ ಪುಸ್ತಕವನ್ನು ಕಟುವಾಗಿ ವಿಮರ್ಶಿಸಿದರು. ಹಿಂದೆಂದೂ ಕೇಳದ ವಾಕ್ಯವನ್ನು ಮಗು ಆಡುತ್ತದೆ, ಅರ್ಥವನ್ನೂ ಮಾಡಿಕೊಳ್ಳುತ್ತದೆ. ರೂಢಿಯೊಂದರಿಂದಲೇ ಇದು ಆಗುವ ಕೆಲಸವಲ್ಲ ಎಂಬುದು ಅವರ ವಾದ. ಭಾಷೆಯ ಅಚ್ಚು ಮನುಷ್ಯನ ಮನಸ್ಸಿನಲ್ಲಿ ಹುಟ್ಟಿನಿಂದಲೇ ಇದೆ, ಸುತ್ತಲಿನ ಮಾತು ಆ ಅಚ್ಚಿಗೆ ಎರೆಯುವ ಲೋಹ ಮಾತ್ರ ಎಂಬ ವಿಚಾರವನ್ನು ಅವರು ಮುಂದೆ ಬೆಳೆಸಿದರು.

ಈ ನಡುವೆ 1958ರಲ್ಲಿ ಜೀನ್ ಬರ್ಕೋ ಎಂಬ ಸಂಶೋಧಕಿ ಒಂದು ಸರಳ ಪ್ರಯೋಗ ಮಾಡಿದ್ದರು. ಹಕ್ಕಿಯಂಥ ಒಂದು ಪ್ರಾಣಿಯ ಚಿತ್ರ ಬರೆದು, ‘ಇದು ವಗ್’ ಎಂದು ಮಕ್ಕಳಿಗೆ ಹೇಳಿದರು. ಅಂಥವೇ ಎರಡನ್ನು ತೋರಿಸಿ, ಇವು ಏನು ಎಂದು ಕೇಳಿದರು. ‘ವಗ್ಸ್’ ಎಂದವು ಇಂಗ್ಲಿಷ್ ಮಕ್ಕಳು. ಅದು ಹುಸಿ ಪದ, ಅದರ ಬಹುವಚನವನ್ನು ಯಾರಿಂದಲೂ ಕೇಳಿರಲು ಸಾಧ್ಯವಿಲ್ಲ. ‘ಜೀಡು’ ಎಂದು ನಾನೊಂದು ಕ್ರಿಯಾಪದ ಕಟ್ಟಿ ಕೊಟ್ಟರೆ ನೀವೂ ತಡವಿಲ್ಲದೆ ‘ಜೀಡಿದ’ ಎನ್ನುತ್ತೀರಿ. ನಮ್ಮೊಳಗೆ ಪದಗಳ ರಾಶಿಯಷ್ಟೇ ಇಲ್ಲ, ಪದ ಕಟ್ಟುವ ಕಮ್ಮಟವೂ ಇದೆ.

ಹಲ್ಲಿ, ಹಳ್ಳಿ

ಆದರೆ ಕಿವಿಯ ಪಾಲೇನೂ ಸಣ್ಣದಲ್ಲ. ‘ಕತ್ತು’ ಮತ್ತು ‘ಕಟ್ಟು’, ‘ಹಲ್ಲಿ’ ಮತ್ತು ‘ಹಳ್ಳಿ’ ನಮಗೆ ಬೇರೆ ಬೇರೆ. ಇಂಗ್ಲಿಷ್ ಮಾತ್ರ ಬಲ್ಲವರ ಕಿವಿಗೆ ಈ ಜೋಡಿಗಳು ಹೆಚ್ಚುಕಡಿಮೆ ಒಂದೇ. ಕೆನಡಾದಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ ‘ತ’ಕಾರ–‘ಟ’ಕಾರಗಳನ್ನು ಕೇಳಿಸಿ ನೋಡಿದರು. 1984ರಲ್ಲಿ ಪ್ರಕಟವಾದ ಫಲಿತಾಂಶ ಬೆರಗು ಹುಟ್ಟಿಸುವಂತಿತ್ತು. ಆರರಿಂದ ಎಂಟು ತಿಂಗಳ ಕೂಸುಗಳು ಆ ವ್ಯತ್ಯಾಸವನ್ನು ಸಲೀಸಾಗಿ ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳಾಗುವಷ್ಟರಲ್ಲಿ ಹೆಚ್ಚಿನವಕ್ಕೆ ಅದು ಕಳೆದುಹೋಗಿತ್ತು. ಕೂಸು ಹುಟ್ಟುವಾಗ ಲೋಕದ ಎಲ್ಲ ಭಾಷೆಗೂ ಕಿವಿ ತೆರೆದಿರುತ್ತದೆ. ವರ್ಷ ತುಂಬುವ ಹೊತ್ತಿಗೆ ತನ್ನ ಮನೆಯ ಭಾಷೆಗೆ ಕಿವಿಯನ್ನು ಹದಮಾಡಿಕೊಂಡಿರುತ್ತದೆ. ಮೊದಲ ಮಾತು ಹೊರಡುವ ಮುಂಚೆಯೇ ಇಷ್ಟು ಕೆಲಸ ಮುಗಿದಿರುತ್ತದೆ.

1996ರಲ್ಲಿ ಜೆನ್ನಿ ಸಾಫ್ರನ್ ಮತ್ತು ಸಂಗಡಿಗರು ಎಂಟು ತಿಂಗಳ ಕೂಸುಗಳಿಗೆ ಅರ್ಥವಿಲ್ಲದ, ಎಲ್ಲೂ ನಿಲುಗಡೆಯಿಲ್ಲದ ಅಕ್ಷರಗಳ ಧಾರೆಯನ್ನು ಎರಡೇ ನಿಮಿಷ ಕೇಳಿಸಿದರು. ಯಾವ ಅಕ್ಷರದ ಬೆನ್ನಿಗೆ ಯಾವುದು ತಪ್ಪದೆ ಬರುತ್ತದೆ ಎಂಬ ಲೆಕ್ಕದ ಮೇಲೆ ಕೂಸುಗಳು ಅದರಲ್ಲಿ ಅಡಗಿದ್ದ ‘ಪದ’ಗಳನ್ನು ಬೇರ್ಪಡಿಸಿಕೊಂಡಿದ್ದವು. ಹುಟ್ಟುಗುಣದ ವಾದಕ್ಕೆ ಎದುರಾಗಿ, ಕೇಳಿ ಕೇಳಿಯೇ ಎಷ್ಟೊಂದು ಕಲಿಯಬಹುದು ನೋಡಿ ಎನ್ನುವವರಿಗೆ ಇದು ದೊಡ್ಡ ಆಧಾರವಾಯಿತು.

ಕನ್ನಡದ ಮಕ್ಕಳ ಸಾಕ್ಷಿ

ಈ ವ್ಯಾಜ್ಯದಲ್ಲಿ ಕನ್ನಡಕ್ಕೆ ವಿಶೇಷ ಸ್ಥಾನ ಸಿಕ್ಕಿದ್ದು ನಮ್ಮ ವಾಕ್ಯಗಳ ಕಟ್ಟಡದಿಂದ. ‘ಪೊಲೀಸಪ್ಪ ಇಬ್ಬರು ಕಳ್ಳರನ್ನು ಹಿಡಿಯಲಿಲ್ಲ’ ಎಂಬ ವಾಕ್ಯ ತೆಗೆದುಕೊಳ್ಳಿ. ಇದಕ್ಕೆ ಎರಡು ಅರ್ಥ ಸಾಧ್ಯ. ಹಿಡಿದದ್ದು ಇಬ್ಬರನ್ನಲ್ಲ, ಒಬ್ಬನನ್ನೇ ಇರಬಹುದು ಎಂಬುದು ಒಂದು. ಇಬ್ಬರು ಕಳ್ಳರು ತಪ್ಪಿಸಿಕೊಂಡರು ಎಂಬುದು ಇನ್ನೊಂದು. ಇಂಗ್ಲಿಷಿನಲ್ಲಿ ‘ಇಲ್ಲ’ ಎನ್ನುವ ಪದ ಮೊದಲು ಬಂದು ‘ಇಬ್ಬರು’ ಆಮೇಲೆ ಬರುತ್ತದೆ. ಕನ್ನಡದಲ್ಲಿ ‘ಇಬ್ಬರು’ ಮೊದಲು, ‘ಇಲ್ಲ’ ಕೊನೆಗೆ. ಮಕ್ಕಳು ಕಿವಿಗೆ ಬಿದ್ದ ಸಾಲಿನ ಕ್ರಮದಲ್ಲೇ ಅರ್ಥ ಮಾಡುವುದಾದರೆ, ಎರಡು ಭಾಷೆಯ ಮಕ್ಕಳು ಬೇರೆ ಬೇರೆ ಅರ್ಥ ಹಿಡಿಯಬೇಕಿತ್ತು. ಜೆಫ್ರಿ ಲಿಡ್ಜ್ ಮತ್ತು ಜೂಲಿಯನ್ ಮುಸೊಲಿನೊ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಲ್ಕು ವರ್ಷದ ಕನ್ನಡ ಮಕ್ಕಳೂ ಇಂಗ್ಲಿಷ್ ಮಕ್ಕಳೂ ಹೆಚ್ಚಾಗಿ ಮೊದಲ ಅರ್ಥವನ್ನೇ ಹಿಡಿದರು. ನಮ್ಮ ‘ಇಲ್ಲ’ ಕೊನೆಯಲ್ಲಿ ನಿಂತರೂ ಇಡೀ ವಾಕ್ಯವನ್ನು ತನ್ನ ತೆಕ್ಕೆಗೆ ತೆಗೆದುಕೊಳ್ಳುತ್ತದೆ. ಅಕ್ಷರ ತಿಳಿಯದ ಮಗುವಿಗೆ ಈ ತೆಕ್ಕೆ ತಿಳಿದಿದೆ.

ಮರುವರ್ಷ ಲಿಡ್ಜ್, ಹೆನ್ರಿ ಗ್ಲೈಟ್‌ಮನ್ ಮತ್ತು ಲೀಲಾ ಗ್ಲೈಟ್‌ಮನ್ ನಮ್ಮ ‘ಇಸು’ ಪ್ರತ್ಯಯವನ್ನು ಹಿಡಿದು ಹೊರಟರು. ಓಡು–ಓಡಿಸು, ಏರು–ಏರಿಸು: ಒಬ್ಬರಿಂದ ಕೆಲಸ ಮಾಡಿಸುವುದನ್ನು ತೋರಿಸಲು ಕನ್ನಡದಲ್ಲಿ ಇದಕ್ಕಿಂತ ನಂಬಿಕಸ್ತ ಗುರುತಿಲ್ಲ. ಮೂರು ವರ್ಷದ ಮಕ್ಕಳಿಗೆ ‘ಇಸು’ ಇರುವ, ಇಲ್ಲದ ವಾಕ್ಯಗಳನ್ನು ಕೇಳಿಸಿ ಆಟಿಕೆಗಳಲ್ಲಿ ಆಡಿ ತೋರಿಸಲು ಹೇಳಿದರು. ಮಕ್ಕಳು ‘ಇಸು’ವಿನ ಕಡೆ ಲಕ್ಷ್ಯ ಕೊಡಲಿಲ್ಲ. ವಾಕ್ಯದಲ್ಲಿ ಇಬ್ಬರಿದ್ದರೆ ಒಬ್ಬ ಮಾಡಿಸುವವ, ಒಬ್ಬನೇ ಇದ್ದರೆ ತಾನೇ ಮಾಡುವವ ಎಂದು ತೀರ್ಮಾನಿಸಿದರು. ದೊಡ್ಡವರು ಎರಡನ್ನೂ ಗಮನಿಸುತ್ತಾರೆ. ಅಂದರೆ ಕಿವಿ ತುಂಬ ಕೇಳಿದ್ದಕ್ಕಿಂತ ಮೊದಲು, ಮನಸ್ಸು ತನ್ನದೇ ಒಂದು ಊಹೆ ಹಿಡಿದು ಹೊರಡುತ್ತದೆ. ಕೇಳಿದ್ದು ಆ ಊಹೆಯನ್ನು ಆಮೇಲೆ ತಿದ್ದುತ್ತದೆ.

‘ಹಸುವನ್ನು ತಾ’

ವೇದವಾಕ್ಯಗಳ ಅರ್ಥವಿಚಾರ ಮಾಡಿದ ನಮ್ಮ ಮೀಮಾಂಸಕರು ಈ ಪ್ರಶ್ನೆಯನ್ನು ಎಂದೋ ಕೈಗೆತ್ತಿಕೊಂಡಿದ್ದರು. ಅವರು ಕೊಡುವ ಚಿತ್ರ ಮನೆಯಂಗಳದ್ದೇ. ಹಿರಿಯನೊಬ್ಬ ಕಿರಿಯನಿಗೆ ‘ಹಸುವನ್ನು ತಾ’ ಎನ್ನುತ್ತಾನೆ, ಅವನು ತರುತ್ತಾನೆ. ಪಕ್ಕದಲ್ಲಿರುವ ಮಗು ನೋಡುತ್ತದೆ. ಆಮೇಲೆ ‘ಹಸುವನ್ನು ಕಟ್ಟು, ಕುದುರೆಯನ್ನು ತಾ’ ಎಂಬ ಮಾತು. ಒಂದು ಪದ ಹೋಗಿ ಇನ್ನೊಂದು ಬಂದಾಗ ಕೆಲಸವೂ ಬದಲಾದದ್ದನ್ನು ಕಂಡು ಮಗು ಯಾವ ಪದಕ್ಕೆ ಯಾವ ಅರ್ಥ ಎಂದು ಬಿಡಿಸಿಕೊಳ್ಳುತ್ತದೆ. ಇದಕ್ಕೆ ವೃದ್ಧವ್ಯವಹಾರ ಎಂದು ಹೆಸರು. ಪದಗಳ ಅರ್ಥ ಮೊದಲು ಹೊಳೆದು ಆಮೇಲೆ ಕೂಡಿಕೊಳ್ಳುತ್ತದೆಂದು ಕುಮಾರಿಲ ಭಟ್ಟನ ಕಡೆಯವರು. ಕೂಡಿದ ಅರ್ಥವೇ ಮೊದಲೆಂದು ಪ್ರಭಾಕರನ ಕಡೆಯವರು. ಆದರೆ ಮಗು ಕಲಿಯುವುದು ಜನರ ನಡುವೆ, ನಡೆಯುವ ಕೆಲಸದ ನಡುವೆ ಎಂಬುದರಲ್ಲಿ ತಕರಾರಿರಲಿಲ್ಲ.

ಇಂದು ಮೈಕೆಲ್ ಟೊಮಾಸೆಲ್ಲೊ ಅಂಥ ಮನಶ್ಶಾಸ್ತ್ರಜ್ಞರು ಒತ್ತಿ ಹೇಳುವುದೂ ಇದನ್ನೇ: ಎದುರಿಗಿರುವವರ ಮನಸ್ಸಿನಲ್ಲಿ ಏನಿದೆ ಎಂದು ಓದಬಲ್ಲ ಮಗು ಮಾತು ಕಲಿಯುತ್ತದೆ. ಪೆಟ್ರೀಷಿಯಾ ಕೂಲ್ ಅವರ 2003ರ ಪ್ರಯೋಗ ಇದಕ್ಕೆ ಪುರಾವೆ. ಅಮೆರಿಕದ ಒಂಬತ್ತು ತಿಂಗಳ ಕೂಸುಗಳಿಗೆ ಚೀನಿ ಭಾಷೆಯವರು ಎದುರಿಗೆ ಕೂತು ಹನ್ನೆರಡು ಸಲ ಆಡಿಸಿ ಓದಿ ಹೇಳಿದಾಗ ಆ ಭಾಷೆಯ ಧ್ವನಿಗಳನ್ನು ಕೂಸುಗಳು ಹಿಡಿದವು. ಅದೇ ಮಾತು ಟಿ.ವಿ. ಪರದೆಯಿಂದ ಬಂದಾಗ ಏನೂ ಹಿಡಿಯಲಿಲ್ಲ. ಊಟ ಮಾಡಿಸಲು ಮೊಬೈಲ್ ಕೈಗಿಡುವ ನಮ್ಮ ಮನೆಗಳು ಇದನ್ನು ನೆನಪಿಡಬೇಕು.

ನಮ್ಮ ಬಂಧುಗಳೊಬ್ಬರಿಗೆ ಶಾಲೆಯಿಂದ ಒಂದು ಸೂಚನೆ ಬಂದಿತ್ತು: ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ, ಇಲ್ಲವಾದರೆ ಮಗು ಗೊಂದಲಕ್ಕೆ ಬೀಳುತ್ತದೆ. ಮನೆಯಲ್ಲಿ ತುಳು, ಬೀದಿಯಲ್ಲಿ ಕನ್ನಡ, ಅಂಗಡಿಯಲ್ಲಿ ಉರ್ದು ಕೇಳಿ ಬೆಳೆದವರ ನಾಡಿನಲ್ಲಿ ಇಂಥ ಮಾತು ಕೇಳಬೇಕಾಯಿತಲ್ಲ ಎಂದು ನೋವಾಯಿತು. ಎರಡು ಮೂರು ಭಾಷೆ ಮಗುವಿಗೆ ಹೊರೆಯಲ್ಲ. ತಾಯಿ ತನಗೆ ಬಾರದ ಭಾಷೆಯಲ್ಲಿ ಅರೆಬರೆ ಮಾತಾಡಿ, ಬರುವ ಭಾಷೆಯಲ್ಲಿ ಮೌನವಾದರೆ ಮಗುವಿಗೆ ನಿಜವಾದ ನಷ್ಟ.

ತಿದ್ದುವುದರ ಬಗ್ಗೆಯೂ ಒಂದು ಮಾತು. ರೋಜರ್ ಬ್ರೌನ್ ಮತ್ತು ಕಮಿಲ್ ಹ್ಯಾನ್ಲನ್ 1970ರಲ್ಲಿ ತಾಯಂದಿರ ಮಾತನ್ನು ಪರಿಶೀಲಿಸಿದಾಗ, ಅವರು ಮಗುವಿನ ವ್ಯಾಕರಣವನ್ನಲ್ಲ, ಹೇಳಿದ್ದು ನಿಜವೋ ಅಲ್ಲವೋ ಎಂಬುದನ್ನು ನೋಡಿ ಒಪ್ಪುತ್ತಿದ್ದದ್ದು ಕಂಡಿತು. ಆದರೂ ಆ ಮಕ್ಕಳ ವ್ಯಾಕರಣ ಸರಿಯಾಯಿತು.

ಕೆಲವು ತಿಂಗಳು ಕಳೆದವು. ‘ಕೊಡಿದ’ ತಾನಾಗಿ ‘ಕೊಟ್ಟ’ ಆಯಿತು. ಮೊನ್ನೆ ಬೆಳಗ್ಗೆ ಮೊಮ್ಮಗಳು ಕಿಟಕಿಯಲ್ಲಿ ನಿಂತು, ‘ಅಜ್ಜೀ, ನಿನ್ನೆ ಮಳೆ ಬರಿತು’ ಎಂದಳು. ಈ ಸಲ ಯಾರೂ ನಗಲಿಲ್ಲ. ಅಜ್ಜಿ ಅವಳ ಪಕ್ಕ ಹೋಗಿ ನಿಂತು ಹೊರಗೆ ನೋಡಿದಳು.

‘ಹೌದು ಪುಟ್ಟಿ, ತುಂಬಾ ಮಳೆ ಬಂತು. ಆಮೇಲೆ ಏನಾಯ್ತು ಹೇಳು.’